ಬಸಣ್ಣನ ಬದಿಗೆ ಪೈಪು

ನಾನು ಅಜ್ಜನಾದೆ. ನಿನ್ನೆ ಸೋಮವಾರ ಮಧ್ಯಾಹ್ನ ಕೊಟ್ಟೂರಿನ ಆಸ್ಪತ್ರೆಯಲ್ಲಿ ನಮ್ಮ ಮಗಳು ಕೊಟ್ರಮ್ಮ ಹೆಣ್ಣುಕೂಸನ್ನು ಹೆತ್ತಳು. ತಾಯಿ ಚೆನ್ನಾಗಿದ್ದಾಳೆ, ಕೂಸು ಚೆನ್ನಾಗಿದೆ, ಕೂಸಿಗೆ ತಲೆತುಂಬ ಕೂದಲಿದೆ. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ನನಗೂ ಹಗುರ, ನಿಮಗೂ ಹಗುರ. ಉಳಿದದ್ದನ್ನು ನಿಧಾನವಾಗಿ ಹೇಳುತ್ತೇನೆ. ಬೇಗ ಹೇಳುವುದಕ್ಕೆ ಮೈಯಲ್ಲಿ ತ್ರಾಣವಿಲ್ಲ.

ಸಂತೋಷಪಡುವುದಕ್ಕೂ ಒಂದು ಸೊಂಟ ಬೇಕು ಎಂಬುದು ನನಗೆ ಈಗ ಗೊತ್ತಾಗಿದೆ. ಮನಸ್ಸು ಕುಣಿ ಎನ್ನುತ್ತದೆ. ಏಳಬೇಕಾದರೆ ಪಡಸಾಲೆಯ ಕಂಬ ಹಿಡಿದು, ಒಂದು ಮೊಣಕಾಲಿಗೆ ಒಂದು ಮಾತು, ಇನ್ನೊಂದಕ್ಕೆ ಇನ್ನೊಂದು ಮಾತು ಹೇಳಿ ಒಪ್ಪಿಸಿ ಏಳಬೇಕು. ಬೆಳಿಗ್ಗೆಯಿಂದ ಬಂದವರೆಲ್ಲ ಮೊಮ್ಮಗಳು ಯಾರ ಹಾಗಿದ್ದಾಳೆ ಎಂದು ಕೇಳುತ್ತಾರೆ. ನಾನು ಬಾಯಿ ತೆಗೆದರೆ ಗಾಡಿಯ ಬದಿಗೆ ಕಟ್ಟಿದ ಪೈಪಿನ ಸುದ್ದಿ ಬರುತ್ತದೆ. ಪಕ್ಕದ ಮನೆಯ ಹಿರಿಯರು, "ಕೂಸಿನ ಸುದ್ದಿ ಕೇಳಿದ್ರ ಕಬ್ಬಿಣದ ಸುದ್ದಿ ಹೇಳ್ತೀಯಲ್ಲೋ ಮಾರಾಯ" ಎಂದು ಎದ್ದು ಹೋದರು. ನಾನಾದರೂ ಏನು ಮಾಡಲಿ? ಆ ಪೈಪನ್ನು ಬಿಟ್ಟು ಈ ಕೂಸಿನ ಕತೆ ಹೇಳಲು ನನಗೆ ಬರುವುದಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಒಂದು ಕತೆಯನ್ನು ಎರಡು ಮಾಡಿ ಹೇಳುವ ವಿದ್ಯೆ ನನಗೆ ಯಾರೂ ಕಲಿಸಲಿಲ್ಲ.

ನಮ್ಮದು ಉಜ್ಜಿನಿಯ ಕಡೆಯ ಒಂದು ಸಣ್ಣ ಊರು. ಮೊದಲು ನಮ್ಮ ಮನೆಯಲ್ಲಿ ಎತ್ತಿನ ಬಂಡಿ ಇತ್ತು. ಎತ್ತುಗಳಿಗೆ ವಯಸ್ಸಾಯಿತು, ನನಗೂ ಆಯಿತು. ನಾನು ಅವುಗಳಿಗಿಂತ ಸ್ವಲ್ಪ ಗಟ್ಟಿ ಅಂತ ತೋರಿದ್ದರಿಂದ ಅವು ವಿಶ್ರಾಂತಿಗೆ ಹೋದವು, ನಾನು ಡ್ರೈವಿಂಗ್ ಕಲಿತೆ. ಮಿಲಿಟರಿಯವರು ಹರಾಜು ಹಾಕಿದ ಹಳೆಯ ಪಿಕಪ್ಪೊಂದು ನಮ್ಮ ಮನೆಗೆ ಬಂತು. ಮುಂದೆ ಇಬ್ಬರು ಕೂರುವ ಗೂಡು, ಹಿಂದೆ ಶೇಂಗಾದ ಚೀಲ ಹೇರುವ ತೊಟ್ಟಿ, ನಾಲ್ಕೂ ಚಕ್ರ ಎಳೆಯುವ ಎಂಜಿನ್ನು. ಅದನ್ನು ನಿಲ್ಲಿಸಲು ಬೇರೆ ಜಾಗವಿಲ್ಲದ್ದರಿಂದ ಎತ್ತಿನ ಕೊಟ್ಟಿಗೆಯಲ್ಲೇ ನಿಲ್ಲಿಸಿದೆವು, ಮೇವು ಹಾಕುವ ಗ್ವಾದಲಿಗೆ ಮುಖ ಮಾಡಿ. ನನ್ನ ಹೆಂಡತಿ ಗಂಗಮ್ಮ ಬಂದು ನೋಡಿದಳು. ಎತ್ತಿನ ಜಾಗದಲ್ಲಿ ನಿಂತಿದೆ, ಎತ್ತಿನ ಕೆಲಸ ಮಾಡುತ್ತದೆ, ಎತ್ತಿನ ಹಾಗೆಯೇ ಒಮ್ಮೊಮ್ಮೆ ಹಟ ಹಿಡಿದು ನಿಲ್ಲುತ್ತದೆ. ಅವಳು ಅರಿಶಿನ ಕುಂಕುಮ ಹಚ್ಚಿ ಅದಕ್ಕೆ ಬಸಣ್ಣ ಎಂದು ಹೆಸರಿಟ್ಟಳು.

ಹೆಸರಿಟ್ಟು ಸುಮ್ಮನಿದ್ದರೆ ಪೀಡೆಯಿರಲಿಲ್ಲ. ನಮ್ಮ ಸೀಮೆಯಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ, ಗಾಡಿ ಕಟ್ಟುವುದಿಲ್ಲ. ಅದು ಬಸವಣ್ಣನ ವಾರ. ಆ ದಿನ ಎತ್ತುಗಳ ಮೈ ತೊಳೆದು, ಮೇಯಲು ಬಿಟ್ಟು, ನಾವೂ ಹೊಲದ ಕೆಲಸ ಬಿಟ್ಟು ಒಪ್ಪತ್ತು ಇರುತ್ತೇವೆ. ಇದು ನನಗೂ ಒಪ್ಪಿಗೆಯೇ. ವಾರವೆಲ್ಲ ದುಡಿಯುವ ಪ್ರಾಣಿಗೆ ಒಂದು ದಿನದ ಬಿಡುವು ಕೊಡಲು ದೇವರ ಹೆಸರನ್ನೇ ಹೇಳಬೇಕಾಯಿತು. ಮನುಷ್ಯರ ಮಾತಿನಲ್ಲಿ ಹೇಳಿದ್ದರೆ ನಾವು ಕೇಳುತ್ತಿರಲಿಲ್ಲ. ಆದರೆ ಗಂಗಮ್ಮ ಈ ನಿಯಮವನ್ನು ಪಿಕಪ್ಪಿಗೂ ಹಚ್ಚಿದಳು. "ಎತ್ತಿನ ಜಾಗಕ್ಕ ಬಂದದ್ದು ಎತ್ತೇ. ಸೋಮಾರ ಕಟ್ಟಂಗಿಲ್ಲ" ಎಂದು ತೀರ್ಮಾನವಾಯಿತು. ನಾನು ಎಲ್ಲಿ ಮರೆತು ಹೊರಡುತ್ತೇನೋ ಎಂದು ಪ್ರತಿ ಸೋಮವಾರ ಬೆಳಿಗ್ಗೆ ಅದರ ಮುಂದಿನ ಬಂಪರಿಗೆ ಹಗ್ಗ ಹಾಕಿ ಗ್ವಾದಲಿಯ ಗೂಟಕ್ಕೆ ಕಟ್ಟುತ್ತಿದ್ದಳು. ಕೊಟ್ಟೂರಿನ ವ್ಯಾಪಾರಿಗಳಿಗೆ ಇದು ಗೊತ್ತಾಗಿ, "ಏನ್ ಯಜಮಾನ್ರೆ, ಇವತ್ತು ನಿಮ್ ಗಾಡಿ ಒಪ್ಪತ್ತೇನು" ಎಂದು ಕೇಳುವರು. ನಾನು ಹೌದೆನ್ನುತ್ತಿದ್ದೆ. ಮನೆಯಲ್ಲಿ ಸೋತ ವಾದವನ್ನು ಸಂತೆಯಲ್ಲಿ ಗೆಲ್ಲಲು ಹೋಗುವ ವಯಸ್ಸಲ್ಲ ನನ್ನದು.

ಇನ್ನು ಹಳ್ಳದ ವಿಷಯ. ನಮ್ಮ ಊರಿಗೂ ಕೊಟ್ಟೂರಿನ ದಾರಿಗೂ ನಡುವೆ ಒಂದು ಹಳ್ಳವಿದೆ. ನೀರು ಕಡಿಮೆ, ಕಲ್ಲು ಜಾಸ್ತಿ. ಮಲಗಿದ ಎಮ್ಮೆಗಳಷ್ಟು ದೊಡ್ಡ ಕಲ್ಲುಗಳು. ಉಜ್ಜಿನಿ ಸುತ್ತಿ ಹೋಗುವ ದಾರಿ ಬೇರೆ ಇದೆ, ಆದರೆ ಅದು ಪುರುಸೊತ್ತು ಇದ್ದವರ ದಾರಿ. ಎತ್ತಿನ ಕಾಲದಲ್ಲಿ ಈ ಕಲ್ಲುಗಳು ನನಗೆ ತೊಂದರೆ ಕೊಟ್ಟದ್ದಿಲ್ಲ. ಎತ್ತು ಹೆಜ್ಜೆಯಿಡುವ ಮೊದಲು ನೋಡುತ್ತದೆ. ಪಿಕಪ್ಪು ನೋಡುವುದಿಲ್ಲ, ನೋಡಬೇಕಾದ ನಾನು ಬಹಳ ಎತ್ತರದಲ್ಲಿ ಕೂತಿರುತ್ತೇನೆ. ಚಕ್ರ ಕಲ್ಲನ್ನು ಹತ್ತುತ್ತದೆ, ಇಳಿಯುತ್ತದೆ, ಇಳಿಯುವಾಗ ಗಾಡಿಯ ಹೊಟ್ಟೆಯ ಅಂಚು, ಬಾಗಿಲಿನ ಕೆಳಗೆ, ಆ ಕಲ್ಲಿಗೆ ಬಡಿಯುತ್ತದೆ. ಬಡಿದು ಬಡಿದು ಆ ಅಂಚು ಮೇಲಕ್ಕೆ ಮಡಚಿಕೊಂಡು ಬಾಗಿಲನ್ನೇ ಕಚ್ಚಿ ಹಿಡಿಯಿತು. ಒಂದು ಬೇಸಿಗೆಯೆಲ್ಲ ನಾನು ಕಿಟಕಿಯಿಂದ ಹತ್ತಿ ಇಳಿದಿದ್ದೇನೆ. ಕೂಡ್ಲಿಗಿಯಲ್ಲಿ ನೆಂಟರ ಮದುವೆಗೆ ಹೋದಾಗ ಹೊಸ ಧೋತರ ಉಟ್ಟುಕೊಂಡು, ಚಪ್ಪರದ ಮುಂದೆ, ಬೀಗರು ಗಂಧ ಹಿಡಿದು ಕಾಯುತ್ತಿರಲು, ಕಿಟಕಿಯಿಂದ ಮೊದಲು ಒಂದು ಕಾಲು ಹೊರಗಿಟ್ಟೆ. ಅಲ್ಲಿಂದ ಮುಂದೆ ಆದದ್ದನ್ನು ಹೇಳುವುದಿಲ್ಲ. ಗಂಧ ಹಿಡಿದವರು ಮುಖ ತಿರುಗಿಸಿದರು ಎಂದಷ್ಟೇ ಹೇಳುತ್ತೇನೆ.

ಇದೆಲ್ಲ ನಗುವ ಮಾತಾಯಿತು. ನಗದ ಮಾತು ಕೊಟ್ರಮ್ಮನನ್ನು ಚೊಚ್ಚಲ ಹೆರಿಗೆಗೆ ಹರಪನಹಳ್ಳಿಯಿಂದ ಕರೆತಂದ ದಿನದ್ದು. ಅಳಿಯ ಬಸವರಾಜ ಅಲ್ಲಿ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಏಳು ತಿಂಗಳ ಬಸುರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆಮೆಯ ಹಾಗೆ ಹಳ್ಳಕ್ಕೆ ಇಳಿದೆ. ಆದರೂ ಒಂದು ಕಡೆ ಚಕ್ರ ಜಾರಿ, ಸರಿಯಾಗಿ ಅವಳು ಕೂತ ಸೀಟಿನ ಕೆಳಗೆ ಕಲ್ಲು ಬಡಿಯಿತು. ಇಡೀ ಗಾಡಿ ಎದ್ದು ಕೂತಿತು. ಕೊಟ್ರಮ್ಮ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಳು. ಹಳ್ಳ ದಾಟುವವರೆಗೆ ಕೈ ತೆಗೆಯಲಿಲ್ಲ. ಆಮೇಲೆ ಮೆಲ್ಲಗೆ, "ಅಪ್ಪಾ, ಇನ್ನೊಂದ್ಸಲ ಹಿಂಗ ಬಡೀಬಾರದು ನೋಡು" ಎಂದಳು. ಅಷ್ಟೇ. ಬೈದಿದ್ದರೆ ಮರೆಯಬಹುದಿತ್ತು. ಹೆರಿಗೆಯಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ಅವಳನ್ನು ಮತ್ತೆ ಇದೇ ಕಲ್ಲುಗಳ ಮೇಲೆ ಒಯ್ಯಬೇಕು. ಆ ದಿನದಿಂದ ನನ್ನ ನಿದ್ದೆಯಲ್ಲಿ ಹಳ್ಳ ಹರಿಯತೊಡಗಿತು.

ಕೊಟ್ಟೂರಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ಖಾಸೀಂ ಸಾಬ ನನ್ನ ಬಂಡಿಯ ಕಾಲದ ಗೆಳೆಯ. ಹಿಂದೆ ನನ್ನ ಬಂಡಿಯ ಗಾಲಿಗೆ ಅವರಪ್ಪ ಹಳಿ ತೊಡಿಸುತ್ತಿದ್ದ. ಅವನ ಹತ್ತಿರ ಹೋಗಿ, ಗಾಡಿಯ ಎರಡೂ ಬದಿಗೆ ಬಾಗಿಲಿನ ಕೆಳಗೆ ಏನಾದರೂ ಗಟ್ಟಿ ಕಬ್ಬಿಣ ಕಟ್ಟೋಣ, ಬಡಿದರೆ ಅದಕ್ಕೆ ಬಡಿಯಲಿ ಎಂದೆ. ಅವನಿಗೂ ಹುರುಪು ಬಂತು. ಇಬ್ಬರು ಮುದುಕರಿಗೆ ಹುರುಪು ಬಂದರೆ ಮೊದಲು ಆಗುವುದು ತಪ್ಪು ಕೆಲಸವೇ. ಒಂದು ಆಂಗಲ್ ಪಟ್ಟಿಯನ್ನು ಬಾಗಿಲಿನ ಕೆಳಗಿನ ತಗಡಿಗೇ ಬೋಲ್ಟು ಹಾಕಿ ಬಿಗಿದೆವು. ನೋಡಲು ಚೆಂದ ಕಂಡಿತು. ಹಳ್ಳಕ್ಕೆ ಇಳಿದಾಗ ಆ ಪಟ್ಟಿಯ ಚೂಪು ಅಂಚು ಕುಡುಗೋಲಿನ ಹಾಗೆ ಕಲ್ಲನ್ನು ಹಿಡಿದುಕೊಂಡಿತು. ಗಾಡಿ ಮುಂದೆ ಹೋಗಲೊಲ್ಲದು, ಕಲ್ಲು ಬಿಡಲೊಲ್ಲದು. ಕೊನೆಗೆ ಪಟ್ಟಿ ಕಲ್ಲಿನ ಹತ್ತಿರವೇ ಉಳಿಯಿತು, ಜೊತೆಗೆ ನಮ್ಮ ತಗಡಿನ ಒಂದು ಚೂರನ್ನೂ ಇಟ್ಟುಕೊಂಡಿತು.

"ಲೇ, ಕಲ್ಲಿಗೆ ಅಡ್ಡ ನಿಲ್ಲಬಾರದಲೇ. ಅದರ ಮ್ಯಾಲ ಜಾರಿ ಹೋಗಬೇಕು" ಎಂದ ಖಾಸೀಂ.

"ಇದನ್ನ ಮೊದಲ ಹೇಳಬೇಕಿತ್ತು ನೀನು."

"ಮೊದಲ ನನಗೇನು ಗೊತ್ತಿತ್ತು? ಗಾಡಿ ನಿಂದು, ಕಲ್ಲು ನಿಮ್ಮೂರಿಂದು."

ಹೀಗೆ ನಮಗೆ ಬುದ್ಧಿ ಬಂತು. ಪಟ್ಟಿ ಬೇಡ, ಉರುಟು ಪೈಪು ಬೇಕು. ತಗಡಿಗೆ ಕಟ್ಟಬಾರದು, ಗಾಡಿಯ ಬೆನ್ನೆಲುಬಾದ ಚಾಸಿಗೆ ಕಟ್ಟಬೇಕು. ಚಿಗಟೇರಿಯ ಕಡೆ ಯಾರದೋ ಹೊಲದಲ್ಲಿ ನೀರು ಬೀಳದ ಬೋರಿನಿಂದ ಎಳೆದು ಹಾಕಿದ ದಪ್ಪ ಪೈಪು ಸಿಕ್ಕಿತು. ನೀರು ಕೊಡದ ಆ ಪೈಪಿಗೂ ಒಂದು ಕೆಲಸ ಆಯಿತಲ್ಲ ಎಂದು ನನಗೆ ಸಮಾಧಾನ. ಅದನ್ನು ಬಾಗಿಲಿನ ಉದ್ದಕ್ಕೆ ಎರಡು ತುಂಡು ಕತ್ತರಿಸಿ, ತುದಿಗಳನ್ನು ಓರೆಯಾಗಿ ಕೊಯ್ದು ಮುಚ್ಚಿ, ಒಂದೊಂದಕ್ಕೆ ಮೂರು ತೋಳು ಬೆಸೆದು, ಆ ತೋಳುಗಳನ್ನು ಚಾಸಿಗೆ ಬೆಸೆದುಬಿಟ್ಟರೆ ಮುಗಿಯಿತು ಎಂದು ಖಾಸೀಂ ಹೇಳಿದ. ಒಂದು ಗಂಟೆಯ ಕೆಲಸ.

ಗಂಗಮ್ಮನಿಗೆ ಈ ಸುದ್ದಿ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ, "ಬೆಸೀತಾರ ಅಂದ್ರ ಬೆಂಕಿ ಹಚ್ತಾರೋ ಇಲ್ಲೋ?" ಎಂದು ಕೇಳಿದಳು.

"ಬೆಂಕಿ ಅಲ್ಲ, ಕರೆಂಟು."

"ಕಿಡಿ ಹಾರ್ತಾವೋ ಇಲ್ಲೋ?"

"ಹಾರ್ತಾವ."

"ಹಂಗಾರ ಬರೆ ಹಾಕಿದಂಗ ಆತು. ಬಸಣ್ಣನ ಮೈಗೆ ಬರೆ ಹಾಕೋದು ಬ್ಯಾಡ. ಮನ್ಯಾಗ ಬಸುರಿ ಹೆಂಗಸು ಅದಾಳ."

ನಾನು ತಲೆ ಕೆರೆದುಕೊಂಡು ಕೂತೆ. ಹಾಗಾದರೆ ತೂತು ಹಾಕಿ ಬೋಲ್ಟು ಬಿಗಿಯಬಹುದೇ ಎಂದು ಕೇಳಿದೆ. ಅವಳು ಯೋಚಿಸಿದಳು. ಎತ್ತಿಗೆ ಮೂಗು ಚುಚ್ಚಿ ಮೂಗುದಾರ ಹಾಕುತ್ತೇವೆ, ಕೋಡಿಗೆ ಹಿತ್ತಾಳೆಯ ಕೊಡಣಸು ತೊಡಿಸುತ್ತೇವೆ. ಹಾಗಾಗಿ ತೂತಿಗೆ ಅಪ್ಪಣೆ ಸಿಕ್ಕಿತು, ಬೆಂಕಿಗೆ ಸಿಗಲಿಲ್ಲ. ಒಂದು ಗಂಟೆಯ ಕೆಲಸ ಒಂದು ತಿಂಗಳ ಕೆಲಸವಾದದ್ದು ಹೀಗೆ. ತೋಳುಗಳನ್ನು ಖಾಸೀಂ ತನ್ನ ಅಂಗಡಿಯಲ್ಲಿ ಪೈಪಿಗೆ ಬೆಸೆದು ತಂದ. ಚಾಸಿಗೆ ಮಾತ್ರ ದಪ್ಪ ಪ್ಲೇಟು ಇಟ್ಟು, ಕೈಯಿಂದ ತಿರುಗಿಸುವ ಡ್ರಿಲ್ಲಿನಲ್ಲಿ ತೂತು ಕೊರೆದು, ಬೋಲ್ಟು ಬಿಗಿಯುವ ಏರ್ಪಾಡು. ಮಿಲಿಟರಿಯವರ ಕಬ್ಬಿಣಕ್ಕೆ ನಮ್ಮ ಡ್ರಿಲ್ಲು ಎಂದರೆ ಕಲ್ಲಿಗೆ ಕಡ್ಡಿಯಿಂದ ಗೀಚಿದ ಹಾಗೆ. ನಾನು ತಿರುಗಿಸಿ ಸಾಕಾದರೆ ಅವನು, ಅವನಿಗೆ ಸಾಕಾದರೆ ನಾನು, ಇಬ್ಬರಿಗೂ ಸಾಕಾದರೆ ಚಹಾ.

ಆದರೆ ಈ ಕೆಲಸಕ್ಕೆ ದಿನ ಯಾವುದು? ಬೇರೆ ದಿನಗಳಲ್ಲಿ ಗಾಡಿ ಶೇಂಗಾ ಹೇರಿಕೊಂಡು ಓಡಾಡುತ್ತದೆ. ಅದು ಬಿಡುವಾಗಿರುವುದು ಸೋಮವಾರ ಒಂದೇ. ಮೊದಲ ಸೋಮವಾರ ಖಾಸೀಂ ಸೈಕಲ್ಲಿಗೆ ಸಾಮಾನು ಕಟ್ಟಿಕೊಂಡು ಬಂದು ಕೊಟ್ಟಿಗೆಗೆ ಕಾಲಿಟ್ಟ ಕೂಡಲೇ ಗಂಗಮ್ಮ ಬಾಗಿಲಲ್ಲಿ ನಿಂತಳು. "ಖಾಸೀಮಣ್ಣ, ಸೋಮಾರ ಎತ್ತಿಗೆ ಲಾಳ ಹೊಡೀತಾರೇನು?"

ಖಾಸೀಂ ನನ್ನ ಕಡೆ ನೋಡಿದ. ನಾನು ಗೋಡೆಯ ಕಡೆ ನೋಡಿದೆ. ಅವನು ಬಹಳ ಗಂಭೀರವಾಗಿ, "ಇದು ಲಾಳ ಅಲ್ಲಕ್ಕ. ಲಾಳ ಕಾಲಿಗೆ ಹೊಡೀತಾರ. ಇದು ಬದಿಗೆ ಹಾಕೋದು. ಇದು ಸಿಂಗಾರ" ಎಂದ.

"ಸಿಂಗಾರಕ್ಕ ಸಪ್ಪಳ ಬೇಕಲ್ಲ."

"ಹಾಕೋಣಕ್ಕ, ಗೆಜ್ಜಿ ಹಾಕೋಣ."

ಸೋಮವಾರ ಎತ್ತಿಗೆ ಸಿಂಗಾರ ಮಾಡುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಗಂಗಮ್ಮ ಅಟ್ಟದಿಂದ ಹಳೆಯ ಎತ್ತುಗಳ ಗೆಜ್ಜೆಸರ ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದು ತಂದುಕೊಟ್ಟಳು. ಗೆಜ್ಜೆಗಳನ್ನು ಪೈಪಿನ ಒಳಮೈಗೆ, ಕಲ್ಲು ತಾಗದ ಕಡೆ, ತಂತಿಯಲ್ಲಿ ಕಟ್ಟಿದೆವು. ಹೀಗೆ ನಮ್ಮ ಕಬ್ಬಿಣದ ಕೆಲಸ ಸಿಂಗಾರವಾಗಿ, ಶಾಸ್ತ್ರೋಕ್ತವಾಗಿ ಶುರುವಾಯಿತು.

ಎತ್ತಿಗೆ ಲಾಳ ಹೊಡೆಯುವುದನ್ನು ನೀವು ನೋಡಿರಬಹುದು. ನಾಲ್ಕು ಕಾಲಿಗೆ ಹಗ್ಗ ಹಾಕಿ, ಎತ್ತನ್ನು ಮೆಲ್ಲಗೆ ಕೆಡವಿ ಮಲಗಿಸಿ, ಮೇಲೆ ನಿಂತು ಹೊಡೆಯುತ್ತಾರೆ. ಎತ್ತು ಮಲಗಿರುತ್ತದೆ, ಮನುಷ್ಯ ನಿಂತಿರುತ್ತಾನೆ. ಮೋಟಾರಿನ ಕಾಲದಲ್ಲಿ ಇದು ತಿರುಗುಮುರುಗಾಯಿತು. ಈಗ ಗಾಡಿ ಆರಾಮಾಗಿ ನಿಂತಿರುತ್ತದೆ, ಮನುಷ್ಯ ಅಂಗಾತ ಮಲಗಿರುತ್ತಾನೆ, ಬಾಯಿಗೆ ಮಣ್ಣು, ಕಣ್ಣಿಗೆ ಆಯಿಲು. ನಾನು ಎಷ್ಟು ಎತ್ತುಗಳನ್ನು ಕೆಡವಿದ್ದೆನೋ ಅವೆಲ್ಲ ಸೇರಿ ನನ್ನನ್ನು ಕೆಡವಿದ ಹಾಗಾಯಿತು. ಗಾಡಿಯ ಕೆಳಗೆ ಹೋಗುವಾಗ ಒಬ್ಬನೇ ಜಾರಿ ಹೋಗುತ್ತಿದ್ದೆ. ಹೊರಗೆ ಬರುವಾಗ ಕೊಟ್ರಮ್ಮ ಒಂದು ಕಾಲು, ಗಂಗಮ್ಮ ಒಂದು ಕಾಲು ಹಿಡಿದು ಎಳೆಯಬೇಕು. ಬಸುರಿಗೆ ಯಾಕೆ ಈ ಕೆಲಸ ಎಂದರೆ ಕೊಟ್ರಮ್ಮ ನಗುವಳು. "ನಾ ಹಡೆಯೋದಕ್ಕ ಮೊದಲ ನಿನ್ನನ್ನೇ ಹೊರಗ ತೆಗೀಬೇಕಾತಲ್ಲಪ್ಪ" ಎನ್ನುವಳು. ಆ ನಗು ಕೇಳಿ ಮತ್ತೊಂದು ಬೋಲ್ಟು ಬಿಗಿಯುವಷ್ಟು ಜೀವ ಬರುತ್ತಿತ್ತು.

ನಿನ್ನೆ ಬೆಳಗಾಗುವ ಹೊತ್ತಿಗೆ ಎಡಗಡೆಯ ಪೈಪು ಪೂರ್ತಿ ಕೂತಿತ್ತು. ಬಲಗಡೆಯದು ನೆಲದ ಮೇಲೆ ಮಲಗಿತ್ತು, ಅದರ ಬೋಲ್ಟುಗಳು ಒಂದು ತಟ್ಟೆಯಲ್ಲಿದ್ದವು. ಖಾಸೀಂ ಆಗಷ್ಟೇ ಬಂದು ಸೈಕಲ್ಲು ಗೋಡೆಗೆ ಆನಿಸಿದ್ದ. ಹೆರಿಗೆಗೆ ಇನ್ನೂ ದಿನವಿದೆ ಎಂದು ಸೂಲಗಿತ್ತಿ ದುರುಗಮ್ಮ ಹೇಳಿದ್ದಳು. ಆದರೆ ಬೆಳಕು ಹರಿಯುವ ಮೊದಲೇ ನೋವು ಶುರುವಾಗಿ ಅವಳನ್ನು ಕರೆಸಿದ್ದೆವು. ನಾವಿಬ್ಬರು ಗಂಡಸರು ಕೊಟ್ಟಿಗೆಯಲ್ಲಿ ಸ್ಪ್ಯಾನರು ಹಿಡಿದು, ಕೆಲಸ ಮಾಡಲೂ ಆಗದೆ ಬಿಡಲೂ ಆಗದೆ ಕೂತಿದ್ದೆವು. ದುರುಗಮ್ಮ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದಳು.

"ಗಂಗವ್ವ, ಕೂಸಿನ ಕಾಲು ಮುಂದ ಐತಿ. ನನ್ನ ಕೈಲಿ ಆಗಂಗಿಲ್ಲ. ಕೊಟ್ಟೂರಿಗೆ ಒಯ್ಯಿರಿ. ಈಗಿಂದೀಗ ಒಯ್ಯಿರಿ."

ಇವತ್ತು ಸೋಮವಾರ ಎಂದು ಯಾರೂ ಹೇಳಲಿಲ್ಲ. ಬಂಪರಿನ ಹಗ್ಗ ಎಲ್ಲರಿಗೂ ಕಾಣುತ್ತಿತ್ತು. ನಾನು ಎಂಜಿನ್ನಿಗೆ ಹಾಕಿ ತಿರುವಿ ಗಾಡಿ ಶುರು ಮಾಡುವ ಹ್ಯಾಂಡಲ್ಲನ್ನು ಕೈಗೆತ್ತಿಕೊಂಡೆ. ಮದುವೆಯಾದಂದಿನಿಂದ ಗಂಗಮ್ಮನಿಗೆ ಎದುರಾಡಿದವನಲ್ಲ. ಆದರೆ ನಿನ್ನೆ ಆಡಲು ಸಿದ್ಧನಾಗಿದ್ದೆ.

"ನಾ ಗಾಡಿ ಕಟ್ತೀನಿ" ಎಂದೆ.

"ಕಟ್ಟಬ್ಯಾಡ್ರಿ" ಎಂದಳು ಗಂಗಮ್ಮ. ಒಳಗಿನಿಂದ ಕೊಟ್ರಮ್ಮನ ನರಳಾಟ ಕೇಳುತ್ತಿತ್ತು. ನಾನು ಹ್ಯಾಂಡಲ್ಲನ್ನು ಇನ್ನೂ ಗಟ್ಟಿಯಾಗಿ ಹಿಡಿದೆ. ಅಷ್ಟರಲ್ಲಿ ಅವಳು ಗ್ವಾದಲಿಗೆ ಹೋಗಿ, ಬಗ್ಗಿ, ತಾನೇ ಹಗ್ಗ ಬಿಚ್ಚಿದಳು. "ಸೋಮಾರ ಎತ್ತು ಕಟ್ಟಬಾರದು. ಮೇಯಾಕ ಬಿಡಬಾರದು ಅಂತ ಯಾರೂ ಹೇಳಿಲ್ಲ. ಬಿಚ್ಚಿ ಬಿಟ್ಟೀನಿ. ಕೊಟ್ಟೂರು ತನಕ ಮೇದು ಬರ್ಲಿ."

"ಕೊಟ್ಟೂರಾಗ ಹುಲ್ಲು ಚಲೋ ಐತಕ್ಕ" ಎಂದ ಖಾಸೀಂ.

ಮೇಯಲು ಹೋಗುವ ಎತ್ತಿಗೆ ಹ್ಯಾಂಡಲ್ಲು ಹಾಕುವಂತಿಲ್ಲ, ಅದು ನೊಗ ಹೂಡಿದ ಹಾಗೆ. ಅದನ್ನು ಅಲ್ಲೇ ಇಟ್ಟೆ. ತೊಟ್ಟಿಯಲ್ಲಿ ಹುಲ್ಲು ಹಾಸಿ, ಅದರ ಮೇಲೆ ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಹಾಸಿ ಕೊಟ್ರಮ್ಮನನ್ನು ಮಲಗಿಸಿದೆವು. ಒಂದು ಕಡೆ ಗಂಗಮ್ಮ, ಒಂದು ಕಡೆ ದುರುಗಮ್ಮ ಕೂತರು. ಓಣಿಯ ಜನ ಬಂದು ಗಾಡಿಯನ್ನು ಹಿಂದಕ್ಕೆ ಎಳೆದು, ತಿರುಗಿಸಿ, ಹಳ್ಳದ ಇಳಿಜಾರಿಗೆ ನೂಕಿದರು. ಗೇರು ಹಾಕಿ ಕ್ಲಚ್ಚು ಬಿಟ್ಟೆ. ಬಸಣ್ಣ ಒಂದು ಸಲ ಕೆಮ್ಮಿದ, ಎರಡನೆಯ ಸಲಕ್ಕೆ ಹೊತ್ತಿಕೊಂಡ. ತಾನಾಗಿಯೇ ಹೊರಟ ಎಂದು ಗಂಗಮ್ಮ ನಿನ್ನೆಯಿಂದ ಹೇಳುತ್ತಿದ್ದಾಳೆ. ನಾನು ಸ್ಟೇರಿಂಗು ಹಿಡಿದು ಕೂತದ್ದು ಅವಳ ಲೆಕ್ಕದಲ್ಲಿ ದನ ಕಾಯುವವನ ಕೆಲಸ.

ಹಳ್ಳದಲ್ಲಿ ಖಾಸೀಂ ಲುಂಗಿ ಎತ್ತಿ ಕಟ್ಟಿ ಗಾಡಿಯ ಮುಂದೆ ಹಿಮ್ಮುಖವಾಗಿ ನಡೆದ. ನಮಗಿದ್ದದ್ದು ಒಂದೇ ಉಪಾಯ: ದೊಡ್ಡ ಕಲ್ಲುಗಳೆಲ್ಲ ಎಡಕ್ಕೇ ಬರುವಂತೆ ಗಾಡಿ ನಡೆಸುವುದು. ಬಡಿಯುವುದಿದ್ದರೆ ಪೈಪಿರುವ ಕಡೆ ಬಡಿಯಲಿ.

"ಎಡಕ್ಕ ಬಾರಲೇ, ಇನ್ನಾ ಎಡಕ್ಕ. ಬಲಕ್ಕ ಹೋಗಬ್ಯಾಡ, ಬಲಕ್ಕ ಬತ್ತಲೆ ಐತಿ" ಎಂದು ಅವನು ಕೈ ಬೀಸುತ್ತಿದ್ದ.

ಅತಿ ದೊಡ್ಡ ಕಲ್ಲಿನ ಮೇಲೆ ಎಡಚಕ್ರ ಹತ್ತಿತು. ಇಳಿಯುವಾಗ ಬ್ರೇಕಿನ ಮೇಲೆ ಕಾಲಿಟ್ಟೆ. ಅವತ್ತು ಕೊಟ್ರಮ್ಮ ಹೊಟ್ಟೆ ಹಿಡಿದುಕೊಂಡದ್ದು ಕಣ್ಣಿಗೆ ಕಟ್ಟಿತು. ಗಾಡಿಯ ಭಾರವೆಲ್ಲ ಪೈಪಿನ ಮೇಲೆ ಕೂತಿತು. ಬಡಿತ ಬರಲಿಲ್ಲ. ಗೆಜ್ಜೆ ಘಲ್ ಎಂದಿತು ಅಷ್ಟೇ. ಆಮೇಲೆ ಘಲಘಲ ಎನ್ನುತ್ತ ಆ ಪೈಪು ಕಲ್ಲಿನ ಬೆನ್ನು ಸವರಿಕೊಂಡು, ಎಮ್ಮೆಯ ಮೇಲಿಂದ ಹುಡುಗ ಜಾರಿದ ಹಾಗೆ, ಮೆತ್ತಗೆ ಜಾರಿ ಇಳಿಯಿತು.

ನರಳಾಟದ ನಡುವೆ ಕೊಟ್ರಮ್ಮ ಕೇಳಿದಳು: "ಯವ್ವಾ, ನಮ್ಮ ಎತ್ತು ಬಂದಾವೇನು?"

"ಹೂಂ ಮಗಾ, ನಮ್ಮವೇ. ನೀ ಸುಮ್ನ ಮಲಕ್ಕೊ" ಎಂದಳು ಗಂಗಮ್ಮ.

ನನಗೆ ಮುಂದಿನ ದಾರಿ ಸ್ವಲ್ಪ ಮಸುಕಾಗಿ ಕಂಡಿತು. ಆ ಗಳಿಗೆಯಲ್ಲೇ ಬಲಗಡೆ ಒಂದು ಸಣ್ಣ ಕಲ್ಲು ತಪ್ಪಿಸಲಾಗದೆ ಬಡಿಯಿತು. ಸಣ್ಣದು, ಆದರೆ ಬತ್ತಲೆ ಬದಿ. ಕರ್ ಎಂದು ನನ್ನ ಬಾಗಿಲಿನ ಕೆಳಗೆ ತಗಡು ಮಡಚಿತು. ಹಿಂದೆ ತೊಟ್ಟಿಯಲ್ಲಿ ಮಲಗಿದವಳಿಗೆ ಅಷ್ಟಾಗಿ ತಾಗಲಿಲ್ಲ. ಆಮೇಲೆ ಖಾಸೀಂ ಹಾರಿ ಪಕ್ಕದ ಸೀಟಿಗೆ ಹತ್ತಿದ. ಹಳ್ಳ ದಾಟಿ ದಾರಿಗೆ ಬಿದ್ದೆವು. ದಾರಿಯಲ್ಲಿ ಸಿಕ್ಕ ಹರಪನಹಳ್ಳಿ ಬಸ್ಸಿನ ಕಂಡಕ್ಟರನಿಗೆ, ಅಳಿಯನಿಗೆ ಹೀಗೆಂದು ಮುಟ್ಟಿಸಪ್ಪ ಎಂದು ಕೂಗಿ ಹೇಳಿದೆವು.

ಆಸ್ಪತ್ರೆಯ ಮುಂದೆ ಗಾಡಿ ನಿಂತದ್ದೇ ತಡ, ಎಲ್ಲರೂ ಕೊಟ್ರಮ್ಮನನ್ನು ಎತ್ತಿಕೊಂಡು ಒಳಗೆ ಹೋದರು. ನಾನು ಇಳಿಯಲು ನೋಡಿದರೆ ಬಾಗಿಲು ತೆರೆಯದು. ಮಡಚಿದ ತಗಡು ಅದನ್ನು ಹಿಡಿದುಕೊಂಡಿತ್ತು. ಆಚೆ ಬಾಗಿಲಿನಿಂದ ಇಳಿಯೋಣವೆಂದರೆ ನಡುವೆ ಮಿಲಿಟರಿಯವರು ನೆಟ್ಟ ಮೂರು ಗೇರು ಕಂಬಗಳು. ಮೊಣಕಾಲು ಎತ್ತಿ ಅವುಗಳನ್ನು ದಾಟಿಸುವುದಕ್ಕೆ ಕೈಕಾಲಿನಲ್ಲಿ ಬಲವೇ ಇರಲಿಲ್ಲ. ಸ್ಟೇರಿಂಗಿನ ಮೇಲೆ ತಲೆಯಿಟ್ಟು ಕೂತುಬಿಟ್ಟೆ. ಒಬ್ಬ ನರ್ಸಮ್ಮ ಹೊರಗೆ ಬಂದವಳು ನೋಡಿ, "ಈ ಅಜ್ಜಾರು ಯಾಕ ಗಾಡ್ಯಾಗ ಕುಂತಾರ, ಇವರಿಗೂ ಆರಾಮಿಲ್ಲೇನು?" ಎಂದು ಕೇಳಿದಳು. ನನ್ನನ್ನು ಅಜ್ಜ ಎಂದು ಕರೆದವರಲ್ಲಿ ಅವಳೇ ಮೊದಲನೆಯವಳು. ಆಗಿನ್ನೂ ಆಗಿರಲಿಲ್ಲ. ಆಗುತ್ತೇನೋ ಇಲ್ಲವೋ ಗೊತ್ತಿರಲಿಲ್ಲ.

ಖಾಸೀಂ ಬಂದು ನನ್ನನ್ನು ಚೀಲದ ಹಾಗೆ ಎಳೆದು ಇಳಿಸಿದ. ವರಾಂಡದ ಬೆಂಚಿನ ಮೇಲೆ ಕೂತೆವು. ಕಾಯುವುದರಷ್ಟು ಆಯಾಸದ ಕೆಲಸ ಇನ್ನೊಂದಿಲ್ಲ. ಡ್ರಿಲ್ಲು ತಿರುಗಿಸುವಾಗ ಕೈ ಮಾತ್ರ ನೋಯುತ್ತದೆ. ಖಾಸೀಂ ತನ್ನ ಭಾಷೆಯಲ್ಲಿ ಏನೋ ಪಿಸುಗುಡುತ್ತಿದ್ದ, ನಾನು ನನ್ನ ದೇವರನ್ನು ಕರೆಯುತ್ತಿದ್ದೆ. ಬಿಸಿಲು ಮೆಟ್ಟಿಲು ಹತ್ತಿ ನಮ್ಮ ಪಾದಕ್ಕೆ ಬಂತು. ಆಗ ಒಳಗಿನಿಂದ ಒಂದು ಸಣ್ಣ ಅಳು ಕೇಳಿತು. ಆಮೇಲೆ ಗಂಗಮ್ಮ ಬಾಗಿಲಿಗೆ ಬಂದಳು. ಬಂದು ನನ್ನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತಳು. ಹೊರಗಿನ ಜನರ ಎದುರಿಗೆ ಅವಳು ಹಿಂದೆ ಎಂದಾದರೂ ನನ್ನ ಪಕ್ಕದಲ್ಲಿ ಹಾಗೆ ಕೂತದ್ದು ನನಗೆ ನೆನಪಿಲ್ಲ.

"ಹೆಣ್ಣು" ಎಂದಳು ಆಮೇಲೆ. "ಕೊಟ್ರಿ ಚಲೋ ಅದಾಳ. ಇನ್ನೊಂದೀಟು ತಡ ಆಗಿದ್ರ ಕಷ್ಟ ಇತ್ತು ಅಂದ್ರು ಡಾಕ್ಟರಮ್ಮ."

ಕೂಸನ್ನು ಕೈಗೆ ಕೊಟ್ಟರು. ಶೇಂಗಾದ ಚೀಲ ಹೊತ್ತ ಕೈ, ಎತ್ತಿನ ಹಗ್ಗ ಹಿಡಿದ ಕೈ, ತಿಂಗಳಿಂದ ಬೋಲ್ಟು ಬಿಗಿದು ಬಿಗಿದು ಸೆಟೆದ ಕೈ. ಇಷ್ಟು ಹಗುರಾದದ್ದನ್ನು ಹಿಡಿಯಲು ಇಷ್ಟು ಬಲ ಬೇಕೆಂದು ನನಗೆ ಗೊತ್ತಿರಲಿಲ್ಲ. ಉಗುರಿನಲ್ಲಿದ್ದ ಆಯಿಲು ನೋಡಿ ನರ್ಸಮ್ಮ ಕೂಸನ್ನು ಕೂಡಲೇ ವಾಪಸು ತೆಗೆದುಕೊಂಡಳು. ಅಷ್ಟು ಹೊತ್ತೇ ಸಾಕಾಯಿತು. ಕಾಲು ಮುಂದಿಟ್ಟು ಬಂದ ಹುಡುಗಿ ಕಣ್ಣು ಅರ್ಧ ತೆರೆದು ನನ್ನನ್ನು ನೋಡಿದಳು. ಬಹಳ ದೂರದಿಂದ ನಡೆದು ಬಂದವರ 'ಹಾಸಿಗೆ ಎಲ್ಲಿ' ಎನ್ನುವ ನೋಟ. ನಮ್ಮಿಬ್ಬರಿಗೂ ಒಂದೇ ಬಗೆಯ ಆಯಾಸ. ಆ ಕೂಡಲೇ ನಮ್ಮಲ್ಲಿ ಸ್ನೇಹವಾಯಿತು ಎಂದು ನನ್ನ ಎಣಿಕೆ.

ಸಂಜೆಯ ಬಸ್ಸಿಗೆ ಅಳಿಯ ಬಸವರಾಜ ಬಂದ, ಅವನ ತಾಯಿ ನಮ್ಮ ಬೀಗತಿ ಬಂದರು, ಬಸ್ಸಿಳಿದು ಬರುವಾಗ ಒಬ್ಬರ ಕಾಲಿಗೆ ಇನ್ನೊಬ್ಬರು ತೊಡರುತ್ತ. ಬೀಗತಿಯ ತಲೆಯ ಮೇಲೆ ರೊಟ್ಟಿಯ ಗಂಟು. ಸುದ್ದಿ ಕೇಳಿ ಗಾಬರಿಯಲ್ಲಿ ಏನೂ ತೋಚದೆ ರೊಟ್ಟಿ ಬಡಿಯುತ್ತ ಕೂತಿದ್ದರಂತೆ, ಬಸ್ಸಿನ ಹೊತ್ತಾಗುವವರೆಗೆ. ಎಷ್ಟು ಗಾಬರಿಯೋ ಅಷ್ಟು ರೊಟ್ಟಿ. ಬಸವರಾಜ ಒಳಗೆ ಹೋದವನು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಕನ್ನಡಕ ಒರೆಸುತ್ತಿದ್ದ. ಖಾಸೀಂನ ಹೆಂಡತಿ ಬಾಣಂತಿಗೆಂದು ಬಿಸಿ ಅನ್ನ, ಮೆಣಸಿನ ಸಾರು ಮಾಡಿ ಮುಚ್ಚಿಕೊಂಡು ತಂದಳು. ಖಾಸೀಂ ಬಜಾರಿನಿಂದ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದ.

ಆಸ್ಪತ್ರೆಯ ಅಂಗಳದ ಬೇವಿನ ಮರದ ಕೆಳಗೆ, ಕೊಟ್ರಮ್ಮನ ಕಿಟಕಿಗೆ ಹತ್ತಿರವಾಗಿ, ಕೌದಿ ಹಾಸಿ ಕೂತೆವು. ಕಿಟಕಿಯ ಆಚೆ ಅವಳು ದಿಂಬಿಗೆ ಆನಿಕೊಂಡು ಸಾರು ಅನ್ನ ಉಣ್ಣುತ್ತಿದ್ದಳು, ಈಚೆ ನಾವು. ದುರುಗಮ್ಮ ರೊಟ್ಟಿಯ ಮೇಲೆ ಪುಂಡಿಪಲ್ಯ, ಶೇಂಗಾಹಿಂಡಿ ಹಾಕಿ ಕೈಕೈಗೆ ಕೊಟ್ಟಳು. ಗಂಗಮ್ಮ ದಿನವೆಲ್ಲ ಬಾಯಿಗೆ ನೀರು ಬಿಟ್ಟು ಏನೂ ಹಾಕಿರಲಿಲ್ಲ. ಮೊದಲ ತುತ್ತು ಮುರಿದು ಕೈಯಲ್ಲಿ ಹಿಡಿದುಕೊಂಡು, ಉಣ್ಣುವುದನ್ನು ಮರೆತು ಕಿಟಕಿಯನ್ನೇ ನೋಡುತ್ತಿದ್ದಳು. ನಾನು ಮರಕ್ಕೆ ಬೆನ್ನು ಕೊಟ್ಟು ಕೂತಿದ್ದೆ. ಬೆನ್ನಿಗೆ ಅದು ಬೇಕಿತ್ತು.

ಅಷ್ಟರಲ್ಲಿ ಒಳಗೆ ಕೂಸು ಅತ್ತಿತು. ಎಲ್ಲರ ತುತ್ತೂ ಅಲ್ಲಲ್ಲೇ ನಿಂತಿತು. ಬಸವರಾಜ ಅರ್ಧ ಎದ್ದ, ಬೀಗತಿ ಪೂರ್ತಿ ಎದ್ದರು, ಖಾಸೀಂ ಮೆಣಸಿನಕಾಯಿ ಕಚ್ಚಿದವನು ಹಾಗೆಯೇ ಬಾಯಿ ತೆರೆದುಕೊಂಡು ಉಳಿದ. ನಾನು ಮರದಿಂದ ಬೆನ್ನು ತೆಗೆದೆ.

ಗಂಗಮ್ಮ ಮಾತ್ರ ಒಂದು ಗಳಿಗೆ ಕಿವಿಗೊಟ್ಟು ಕೇಳಿ, ತುತ್ತನ್ನು ಬಾಯಿಗಿಟ್ಟುಕೊಂಡಳು.

"ಕುಂದರ್ರಿ, ಉಣ್ರಿ" ಎಂದಳು. "ಅದು ಅಳೋದು ಇನ್ನ ದಿನಾ ಐತಿ."

ನಾವೆಲ್ಲ ಕೂತೆವು. ಉಂಡೆವು.